ಇಗ್ವಾನಾ ಬೇಡ ಅಂದೆನಲ್ಲ, ಅದರ ಬಗ್ಗೆ

ಬೆಟಗೇರಿ
ಬುಧವಾರ ರಾತ್ರಿ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ರವಿವಾರ ನೀನು ಚಹಾ ಕೂಡ ಕುಡಿಯದೆ ನಾಲ್ಕರ ಗಾಡಿಗೆ ಹೊರಟುಹೋದೆ. ಅವತ್ತಿನಿಂದ ನಿನ್ನ ಅವ್ವ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ರೊಟ್ಟಿ ಬಡಿಯುತ್ತಾಳೆ, ತಾಟಿಗೆ ಹಾಕುತ್ತಾಳೆ, ಅಷ್ಟೇ. ಫೋನ್ ಮಾಡೋಣ ಅಂದರೆ ನಿನ್ನ ದನಿ ಏರುತ್ತದೆ, ಹಿಂದೆಯೇ ನನ್ನದೂ ಏರುತ್ತದೆ. ಅದಕ್ಕೇ ಈ ಕಾಗದ. ಅಳತೆ ಪುಸ್ತಕದ ಹಾಳೆ ಇದು, ಬೇರೆ ಸಿಗಲಿಲ್ಲ. ಹಿಂದುಗಡೆ ಯಾರದೋ ಅಂಗಿಯ ಅಳತೆ ಇದೆ, ನೋಡಬೇಡ.

ಪುಟ್ಟಿ ಹುಟ್ಟುಹಬ್ಬಕ್ಕೆ ಇಗ್ವಾನಾ ಕೇಳಿದಳು. ಆ ಓತಿಕ್ಯಾತನ್ನ ಮನೆಯೊಳಗೆ ತರ್ತೀರೇನು ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದಿರಿ. ಅದರ ಮೇಲೆ ಇನ್ನೊಂದು ಮಾತು ಬಂತು. ಅವಳಿಗೂ ನಿನ್ನ ಹಾಗೇ ಮರೆವು, ಬಾಗಿಲು ಹಾಕೋದು ನೆನಪಿರಲ್ಲ ಅಂತ. ನೀನು ಎದ್ದು ಚಪ್ಪಲಿ ಹಾಕಿಕೊಂಡೆ. ಹೊಸ್ತಿಲಲ್ಲಿ ನಿಂತು, "ಗಿಣಿ ಸತ್ತದ್ದು ನನ್ನಿಂದಲೇ ಅಪ್ಪಾ. ಮೂವತ್ತು ವರ್ಷ ಆಯ್ತು. ಇನ್ನೂ ಎಷ್ಟು ಸಲ ಹೇಳ್ತೀ?" ಅಂದೆ.

ಗಿಣಿ ವಿಷಯಕ್ಕೆ ಬರುತ್ತೇನೆ. ಮೊದಲು ಇಗ್ವಾನಾ ಮುಗಿಸುತ್ತೇನೆ. ಅದು ಸುಲಭ.

ಸೋಮವಾರ ಅಂಗಡಿ ಮುಚ್ಚಿ ದನದ ದವಾಖಾನೆಗೆ ಹೋಗಿದ್ದೆ. ಅಲ್ಲಿನ ಡಾಕ್ಟರ್ ಸಣ್ಣ ವಯಸ್ಸಿನವರು. ಎಮ್ಮೆ, ಆಕಳು ಬಿಟ್ಟು ಇದನ್ನು ಕೇಳಿಕೊಂಡು ಬಂದ ಟೇಲರ್ ನೀವೇ ಮೊದಲು ಅಂತ ನಕ್ಕರು. ಆದರೆ ಅರ್ಧ ತಾಸು ಕೂತು ಹೇಳಿದರು. ಅಂಗಡಿಯಲ್ಲಿ ಗೇಣುದ್ದ ಕಾಣುವ ಹಸಿರು ಇಗ್ವಾನಾ ಬೆಳೆದರೆ ಬಾಲ ಸೇರಿ 5 ಅಡಿ ದಾಟುತ್ತದಂತೆ. ಚೆನ್ನಾಗಿ ನೋಡಿಕೊಂಡರೆ 15 ವರ್ಷ ಬಾಳುತ್ತದೆ. ತಿನ್ನುವುದು ಬರೀ ಸೊಪ್ಪು, ತರಕಾರಿ. ಆ ಲೆಕ್ಕದಲ್ಲಿ ನಮ್ಮ ಮಂದಿಯೇ. ಆದರೆ ಅದಕ್ಕೆ ಬಿಸಿಲು ಬೇಕು, ಇಲ್ಲವೇ ಯುವಿಬಿ ಅನ್ನುವ ಬೆಳಕಿನ ದೀಪ ಬೇಕು. ಆ ಬೆಳಕಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಎಲುಬು ಮೆತ್ತಗಾಗುತ್ತದೆ, ದವಡೆ ಊದಿಕೊಳ್ಳುತ್ತದೆ. ಕಿಟಕಿ ಗಾಜಿನ ಹಿಂದೆ ಇಟ್ಟರೆ ನಡೆಯುವುದಿಲ್ಲ, ಗಾಜು ಆ ಬೆಳಕನ್ನು ತಡೆಯುತ್ತದೆ. ನಿಮ್ಮ ಹುಬ್ಬಳ್ಳಿಯ ಫ್ಲ್ಯಾಟಿನಲ್ಲಿ ಗಾಜಿಲ್ಲದ ಬಿಸಿಲು ಎಲ್ಲಿ ಬೀಳುತ್ತದೆ, ನೀನೇ ಹೇಳು.

ಇನ್ನೊಂದು, ಸಣ್ಣವನ ವಿಷಯ. ಹಲ್ಲಿ, ಆಮೆ, ಹಾವಿನ ಜಾತಿಯ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರುತ್ತದಂತೆ. ಪ್ರಾಣಿ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಮುಟ್ಟಿದ ಮಗುವಿಗೆ ವಾಂತಿ ಭೇದಿ, ಜ್ವರ. ಐದು ವರ್ಷದ ಒಳಗಿನ ಮಕ್ಕಳಿರುವ ಮನೆಯಲ್ಲಿ ಇವು ಬೇಡವೇ ಬೇಡ ಅಂದರು. ಅಮೆರಿಕದಲ್ಲಿ ಇದೇ ಕಾರಣಕ್ಕೆ 4 ಇಂಚಿಗಿಂತ ಸಣ್ಣ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದ್ದಾರೆ. ನಮ್ಮ ಸಣ್ಣವನು ರವಿವಾರ ನನ್ನ ಸುಣ್ಣದ ಬಳಪ, ಗುಂಡಿ, ಟೇಪು ಎಲ್ಲ ಬಾಯಿಗೆ ಹಾಕಿ ನೋಡಿದ್ದಾನೆ. ಅವನಿಗೆ ಮೂರು ವರ್ಷ. ಇನ್ನು ಕಾಗದಪತ್ರದ ಕೆಲಸ ಬೇರೆ. 2024ರಿಂದ ಇಂಥ ವಿದೇಶಿ ಪ್ರಾಣಿಗಳನ್ನು ಸರಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇಗ್ವಾನಾ ಆ ಪಟ್ಟಿಯಲ್ಲಿದೆ. ಅಂಗಡಿಯವನು ಇದನ್ನು ಹೇಳಿದನೇ?

ನೀನು ಆಮೆಯಾದರೂ ಕೊಡಿಸುತ್ತೇನೆ ಅಂದಿದ್ದೆ. ಕೆನ್ನೆ ಮೇಲೆ ಕೆಂಪು ಗೆರೆ ಇರುವುದು. ನಾಣ್ಯದಷ್ಟು ಇರುತ್ತದೆ, ತಾಟಿನಷ್ಟು ಆಗುತ್ತದೆ. 30 ವರ್ಷ ಬದುಕಬಹುದು. ಪುಟ್ಟಿ ಮದುವೆಯಾಗಿ ಹೋದ ಮೇಲೂ ಅದರ ನೀರು ಬದಲಿಸುವವಳು ನೀನೇ. ಎಂಟು ವರ್ಷದ ಮಗುವಿಗೆ ಪ್ರಾಣಿ ಕೊಡಿಸುವುದು ಅಂದರೆ ಅದರ ಅವ್ವನಿಗೆ ಕೊಡಿಸಿದ ಹಾಗೆ. ನಾತಕ್ಕೆ ಬೇಸತ್ತು ಉಣಕಲ್ ಕೆರೆಗೆ ಬಿಟ್ಟು ಬರೋಣ ಅನಿಸುತ್ತದೆ. ಹಾಗೆ ಬಿಟ್ಟ ಕಡೆಯಲ್ಲೆಲ್ಲ ಅದು ಅಲ್ಲಿನ ಆಮೆಗಳ ಜಾಗ, ಊಟ ಎರಡೂ ಕಸಿದುಕೊಳ್ಳುತ್ತದೆ. ಅಳಿಯಂದಿರು ಮಾತಾಡುವ ಬೂದು ಗಿಣಿ ಅಂದರಲ್ಲ, ಆಫ್ರಿಕಾದ್ದು, ಅದು 40 ವರ್ಷಕ್ಕೂ ಮೇಲೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ, ಬೇಡ ಅನ್ನು.

ನೋಡು, ಭಾಷಣ ಮಾಡಬಾರದು ಅಂತಲೇ ಕೂತಿದ್ದೆ.

ನನ್ನನ್ನು ಕೇಳಿದರೆ ಎರಡು ಲವ್ ಬರ್ಡ್ಸ್ ತನ್ನಿ. ನಮ್ಮ ಕಡೆ ಹಾಗೆ ಕರೆಯುವುದು ಬಜರಿಗರ್ ಹಕ್ಕಿಯನ್ನು. ನಿಜವಾದ ಲವ್ ಬರ್ಡ್ಸ್ ಆಫ್ರಿಕಾದ್ದು, ಬೇರೆ. ಇದು ಆಸ್ಟ್ರೇಲಿಯಾದ ಒಣ ಬಯಲಿನದು, ಹುಲ್ಲಿನ ಬೀಜ ತಿಂದು ಬದುಕುವಂಥದ್ದು. ನಮ್ಮ ನವಣೆ ಅಂದರೆ ಅದಕ್ಕೆ ಪ್ರಾಣ. ತೆನೆ ಇಡಿಯಾಗಿ ತೂಗುಹಾಕಿದರೆ ಜೋತುಬಿದ್ದು ಒಂದೊಂದೇ ಕಾಳು ಸುಲಿದು ತಿನ್ನುತ್ತದೆ. ಬರೀ ಕಾಳು ಸಾಲದು, ಕೊತ್ತಂಬರಿ, ಪಾಲಕ್, ಗಜ್ಜರಿ ಕೂಡ ಇಡಬೇಕು. ಬೆಣ್ಣೆಹಣ್ಣು, ಚಾಕಲೇಟು ಮಾತ್ರ ವಿಷ. ಪಂಜರ ಅಡುಗೆಮನೆ ಹತ್ತಿರ ಬೇಡ. ನಾನ್‌ಸ್ಟಿಕ್ ತವೆ ಜಾಸ್ತಿ ಕಾದರೆ ಬರುವ ಹೊಗೆಗೆ ಹಕ್ಕಿ ನಿಂತಲ್ಲೇ ಸಾಯುತ್ತದೆ. ನೀನು ಫೋನಿನಲ್ಲಿ ಮಾತಾಡುತ್ತ ತವೆ ಮರೆಯುವವಳು. ಇಲ್ಲ, ಇದನ್ನು ಹೊಡೆದುಹಾಕುತ್ತೇನೆ. ಮರೆವಿನ ಮಾತು ಇನ್ನು ಆಡುವುದಿಲ್ಲ.

ಐದಾರು ವರ್ಷ, ಚೆನ್ನಾಗಿದ್ದರೆ ಎಂಟು ಹತ್ತು ವರ್ಷ ಬದುಕುತ್ತವೆ. ಪುಟ್ಟಿ ಕಾಲೇಜಿಗೆ ಹೋಗುವ ಹೊತ್ತಿಗೆ ಅವುಗಳ ಕಾಲವೂ ಮುಗಿಯುತ್ತದೆ. ಪಂಜರ ಎತ್ತರಕ್ಕಿಂತ ಉದ್ದ ಇರಲಿ, ಹಕ್ಕಿ ಅಡ್ಡಕ್ಕೆ ಹಾರುವುದು. ದಿನಾ ಸ್ವಲ್ಪ ಹೊತ್ತು ಕೋಣೆಯೊಳಗೆ ಬಿಡಿ. ಕಿಟಕಿ ಹಾಕಿ, ಫ್ಯಾನ್ ಬಂದ್ ಮಾಡಿ. ಅಂಗಡಿಯವನು ರೆಕ್ಕೆ ಕತ್ತರಿಸಿ ಕೊಡಲೇ ಅಂತ ಕೇಳಬಹುದು. ಬೇಡ ಅನ್ನು. ಅವನು ಎಷ್ಟೇ ಹೇಳಿದರೂ ಬೇಡ.

ಇದಕ್ಕೇ ನಾನು ಕಾಗದ ಬರೆಯಲು ಕೂತದ್ದು.

ಗಿಣಿಯನ್ನು ಜಾತ್ರೆಯಲ್ಲಿ ತಂದದ್ದು ನಾನೇ. 15 ರೂಪಾಯಿ. ಕಾಡು ಹಕ್ಕಿ ಮನೆಯಲ್ಲಿ ಸಾಕಬಾರದು ಅಂತ ಕಾಯ್ದೆ ಇರುವುದು ಆಗ ನನಗೆ ಗೊತ್ತೇ ಇರಲಿಲ್ಲ. ಎರಡು ತಿಂಗಳಿಗೆ ಅದಕ್ಕೆ ಬಲ ಬಂತು. ಪಂಜರದೊಳಗೇ ರೆಕ್ಕೆ ಬಡಿಯತೊಡಗಿತು. ಹಾರಿಹೋದರೆ ನೀನು ಅಳುತ್ತೀ ಅನಿಸಿತು. ನೀನು ಮಲಗಿದ ಮೇಲೆ, ಅಂಗಡಿಯ ಕತ್ತರಿಯಿಂದ, ನಿನ್ನ ಅವ್ವನಿಗೆ ಹಿಡಿದುಕೊ ಅಂದು, ಎರಡೂ ಕಡೆ ಗರಿ ಕತ್ತರಿಸಿದೆ. ಕಾಲರಿಗೆ ಹಾಕುವ ಬಕ್ರಮ್ ಕತ್ತರಿಸಿದಂಥ ಸದ್ದು. ಕರ್ ಕರ್ ಅಂತ. ಈ ಕೈ ಎಷ್ಟು ಸಾವಿರ ಗಜ ಬಟ್ಟೆ ಕತ್ತರಿಸಿದೆ, ಒಂದರ ಸದ್ದೂ ನೆನಪಿಲ್ಲ. ಅದೊಂದು ಇದೆ. ಬಲಗಡೆಯ ಒಂದು ಗರಿಯಿಂದ ರಕ್ತ ಬಂತು. ಹೊಸದಾಗಿ ಬರುತ್ತಿರುವ ಗರಿಯ ದೇಟಿನಲ್ಲಿ ರಕ್ತ ಹರಿಯುತ್ತಿರುತ್ತದೆ, ಅದನ್ನು ಮುಟ್ಟಲೇಬಾರದು ಅಂತ ಡಾಕ್ಟರ್ ಹೇಳಿದ್ದು ಮೊನ್ನೆ. ಆಗ ಅರಿಶಿನ ಒತ್ತಿದೆ. ಹಸಿರು ಗರಿಗಳನ್ನು ಗುಡಿಸಿ ಚಿಂದಿ ಚೀಲಕ್ಕೆ ಹಾಕಿದೆ. ಬೆಳಿಗ್ಗೆ ನೀನು ಇದರ ಮೈಯೆಲ್ಲ ಯಾಕೆ ಹಳದಿ ಅಂದೆ. ಅವ್ವ ಪೂಜೆ ಮಾಡಿದ್ದಾಳೆ ಅಂದೆ. ನೀನು ನಂಬಿ ಗಿಣಿಗೆ ಕೈ ಮುಗಿದೆ.

ಅದಾಗಿ ಮೂರನೇ ದಿನ ಪಂಜರದ ಬಾಗಿಲು, ಬೆಕ್ಕು. ಅದನ್ನು ಇಬ್ಬರೂ ನೋಡಿದ್ದೇವೆ.

ಬಾಗಿಲು ತೆರೆದಿಟ್ಟವಳು ನೀನು, ನಿಜ. ಆದರೆ ಗಿಣಿ ಹೊರಗೆ ಬಂದು ಹಾರಲು ನೋಡಿತು. ನಾನು ಮಷೀನಿನ ಮುಂದೆ ಕೂತು ನೋಡುತ್ತಿದ್ದೆ. ಎರಡು ಸಲ ನೆಗೆಯಿತು, ಎರಡು ಸಲವೂ ಕಲ್ಲಿನ ಮೇಲೆ ಬಿತ್ತು. ರೆಕ್ಕೆ ಇದ್ದಿದ್ದರೆ ಎದುರಿನ ಬೇವಿನ ಮರಕ್ಕೆ ಹೋಗಿ ಕೂಡುತ್ತಿತ್ತು. ನೀನು ಓಡಿ ಬಂದಾಗ ಮೊದಲು ನನ್ನ ಬಾಯಿಂದ ಬಂದದ್ದು, ಬಾಗಿಲು ಯಾಕೆ ಹಾಕಲಿಲ್ಲ ಅಂತ. ಒಂಬತ್ತು ವರ್ಷದ ಹುಡುಗಿಗೆ. ಆಮೇಲೆ ಹೇಳೋಣ, ಸ್ವಲ್ಪ ದೊಡ್ಡವಳಾಗಲಿ ಅಂದುಕೊಂಡೆ. ನೀನು ಎಸ್ಸೆಸ್ಸೆಲ್ಸಿ ಪಾಸಾದೆ, ಬ್ಯಾಂಕಿಗೆ ಸೇರಿದೆ, ಓಣಿಯಲ್ಲೆಲ್ಲ ಪೇಢೆ ಹಂಚಿದೆ. ಹೇಳಲಿಲ್ಲ. ನಿನ್ನ ಅವ್ವನೂ ನನ್ನ ಮಾನ ಕಾಯಲು ಸುಮ್ಮನಿದ್ದಳು. ಈಗಲೂ ನೀನು ಮನೆ ಬಿಡುವಾಗ ಚಿಲಕವನ್ನು ಮೂರು ಸಲ ಎಳೆದು ನೋಡುತ್ತೀ. ರವಿವಾರ ಸಿಟ್ಟಿನಲ್ಲಿ ಹೋಗುವಾಗಲೂ ನಮ್ಮ ಗೇಟನ್ನು ಮೂರು ಸಲ ಎಳೆದು ನೋಡಿಯೇ ಹೋದೆ. ನಾನು ಕಿಟಕಿಯಲ್ಲಿದ್ದೆ.

ತಪ್ಪಾಯಿತು ತಂಗಿ.

ನಿರ್ಧಾರ ನಿಮ್ಮದು. ಇಗ್ವಾನಾ ಅಂದರೂ ಇನ್ನು ಜಗಳ ಮಾಡುವುದಿಲ್ಲ, ಡಾಕ್ಟರ್ ಹೇಳಿದ್ದನ್ನು ಇನ್ನೊಂದು ಸಲ ಹೇಳಬಹುದು. ಪುಟ್ಟಿಗೆ ಪರದೇಶದ ಹಕ್ಕಿ ನೋಡುವ ಆಸೆ ಇದ್ದರೆ ಡಿಸೆಂಬರ್‌ನಲ್ಲಿ ಇಲ್ಲಿಗೆ ಕಳಿಸು, ಮಾಗಡಿ ಕೆರೆಗೆ ಕರೆದೊಯ್ಯುತ್ತೇನೆ. ಹಿಮಾಲಯ ದಾಟಿ ಬರುವ ಪಟ್ಟೆ ತಲೆಯ ಹೆಬ್ಬಾತುಗಳು ಶೇಂಗಾ ಹೊಲದಲ್ಲಿ ಮೇಯುವುದನ್ನು ನೋಡಲಿ.

ನವಣೆ ತೆನೆ ಒಂದು ಕಟ್ಟು ತರಿಸಿದ್ದೇನೆ, ಅಡುಗೆಮನೆ ಗಿಣಿಗೂಟಕ್ಕೆ ತೂಗುಹಾಕಿದೆ. ಪಂಜರ ತಂದರೆ ಅಳತೆ ಕಳಿಸು. ಉದ್ದ, ಅಗಲ, ಎತ್ತರ, ಬಾಗಿಲು ಯಾವ ಕಡೆ ಅಂತಲೂ ಬರಿ. ರಾತ್ರಿ ಮುಚ್ಚಲು ಹೊದಿಕೆ ಹೊಲಿಯಬೇಕು. ಅಂಗಡಿಯಲ್ಲಿ ನೀಲಿ ಹತ್ತಿ ಬಟ್ಟೆ ಇದೆ, ಹಳದಿಯೂ ಇದೆ. ಯಾವುದು ಬೇಕು ಅಂತ ಪುಟ್ಟಿಯನ್ನು ಕೇಳು.

ನಿನ್ನ ಅಪ್ಪ