ಮೊದಲು ಎಣಿಕೆ, ಆಮೇಲೆ ಬಲೆ: ಗಂಗೊಳ್ಳಿಯ ಗೆಳೆಯನಿಗೊಂದು ಪತ್ರ

ಪ್ರಿಯ ಸುರೇಶ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. "ಕರಡಿ ಫೋಟೋ ಹಾಕಿದ್ದು ಸಾಕು ಮಾರಾಯ, ಅಷ್ಟು ಹಿಡಿದರೂ ಅಲ್ಲಿ ಮೀನು ಮುಗಿಯುವುದಿಲ್ಲ ಯಾಕೆ, ಅದನ್ನು ಹೇಳು" ಅಂದಿದ್ದೀಯ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಬೋಟನ್ನು ಧಕ್ಕೆಯಲ್ಲಿ ಕಟ್ಟಿಹಾಕಿ ಮಳೆ ನೋಡುತ್ತಾ ಕೂರುವವನು ಕೇಳಬೇಕಾದ ಪ್ರಶ್ನೆಯೇ. ನಿಮಗೆ ರಜೆ ಇರುವ ಆ ಹೊತ್ತಿಗೇ ಅಮೆರಿಕದ ಅಲಾಸ್ಕಾದಲ್ಲಿ ಸಾಲ್ಮನ್ ಮೀನಿನ ಸುಗ್ಗಿ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡಬೇಡ.

ನಾನು ಹೋಗಿದ್ದು ಬ್ರಿಸ್ಟಲ್ ಬೇ ಎಂಬ ಕಡೆಗೆ, ಅಲಾಸ್ಕಾದ ನೈಋತ್ಯ ಮೂಲೆ. ನನ್ನ ಜೊತೆ ಕೆಲಸ ಮಾಡುವವನ ಮನೆಯವರು ನ್ಯಾಕ್‌ನೆಕ್ ಎಂಬ ಊರಿನ ದಡದಲ್ಲಿ ಪ್ರತಿ ಬೇಸಿಗೆ ಬಲೆ ಹಾಕುತ್ತಾರೆ. ಸಿಯಾಟಲ್‌ನಿಂದ ಆಂಕರೇಜ್, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಕಿಂಗ್ ಸಾಲ್ಮನ್. ಅದು ಊರಿನ ಹೆಸರು, ನಗಬೇಡ. ಅಲ್ಲಿಂದ ನ್ಯಾಕ್‌ನೆಕ್‌ವರೆಗೆ ಸುಮಾರು 15 ಮೈಲಿ ರಸ್ತೆ ಉಂಟು, ಅಷ್ಟೇ. ಆ ರಸ್ತೆ ಹೊರಗಿನ ಯಾವ ಊರಿಗೂ ಸೇರುವುದಿಲ್ಲ. ಹಾಲು, ಡೀಸೆಲ್, ಬಲೆಯ ಹಗ್ಗ ಎಲ್ಲವೂ ವಿಮಾನದಲ್ಲೋ ಬಾರ್ಜಿನಲ್ಲೋ ಬರಬೇಕು. ಅಂಗಡಿಯಲ್ಲಿ ಟೊಮೆಟೊ ರೇಟು ನೋಡಿ ಕೈಯಲ್ಲಿದ್ದದ್ದನ್ನು ವಾಪಸ್ ಇಟ್ಟೆ.

ಜುಲೈ ಮೊದಲ ವಾರ. ರಾತ್ರಿ ಹನ್ನೊಂದಕ್ಕೂ ಬೆಳಕು. ಉಬ್ಬರಕ್ಕೂ ಇಳಿತಕ್ಕೂ ಇಪ್ಪತ್ತು ಅಡಿ ವ್ಯತ್ಯಾಸ! ನೀರು ಇಳಿದಾಗ ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಕೆಸರು, ಅದರಲ್ಲಿ ದಡದಿಂದ ಸಮುದ್ರದ ಕಡೆಗೆ ಸಾಲಾಗಿ ಕಟ್ಟಿದ ಗಿಲ್‌ನೆಟ್. ಆರು ಗಂಟೆಯಲ್ಲಿ ಅದೇ ಜಾಗದಲ್ಲಿ ದೋಣಿ ತೇಲುತ್ತದೆ. ನನಗೆ ಬಲೆ ಮುಟ್ಟುವ ಹಾಗಿರಲಿಲ್ಲ. ಕಸುಬಿನ ಮೀನುಗಾರಿಕೆಯಲ್ಲಿ ಕೈಯಾಡಿಸಲು ಆಳಿಗೂ ಲೈಸೆನ್ಸ್ ಬೇಕು, ಜೊತೆಗೆ ನನ್ನ ವೀಸಾ ಕತೆ ನಿನಗೆ ಗೊತ್ತೇ ಇದೆ. ಬೂಟು ಹಾಕಿಕೊಂಡು ನೋಡುತ್ತಾ ನಿಂತೆ.

ಅಲಾಸ್ಕಾದಲ್ಲಿ ಐದು ಜಾತಿ ಸಾಲ್ಮನ್. ಇಲ್ಲಿಯದು ಮುಖ್ಯವಾಗಿ ಸಾಕೈ, ಕೆಂಪು ಮಾಂಸದ್ದು, ಎರಡು ಎರಡೂವರೆ ಕಿಲೋ ತೂಗುವಂಥದ್ದು. ಬಲೆಗೆ ಬರುವಾಗ ಮೈಯೆಲ್ಲ ಬೆಳ್ಳಿ, ಬೆನ್ನು ಮಾತ್ರ ನೀಲಿ. ತಲೆ ಕಣ್ಣಿಯೊಳಗೆ ತೂರಿ, ಹಿಂದೆ ಸರಿಯಲು ಹೋಗಿ ಕಿವಿರಿಗೆ ದಾರ ಸಿಕ್ಕಿಕೊಂಡಿರುತ್ತದೆ. ಹದಿನೇಳು ಹದಿನೆಂಟರ ಒಬ್ಬಳು ಹುಡುಗಿ ಸಣ್ಣ ಕೊಕ್ಕೆಯಲ್ಲಿ ಆ ದಾರವನ್ನು ಎಳೆದು ಮೀನನ್ನು ಕಳಚುತ್ತಿದ್ದಳು. ಒಂದು ಕೈಯಲ್ಲಿ ಮೀನಿನ ಕುತ್ತಿಗೆ, ಇನ್ನೊಂದರಲ್ಲಿ ಕೊಕ್ಕೆ, ಒಮ್ಮೆ ಎಳೆತ, ಮೀನು ದೋಣಿಯೊಳಗೆ. ಕೂಡಲೇ ಕಿವಿರು ಸೀಳಿ ರಕ್ತ ಬಸಿದು ಐಸ್ ನೀರಿಗೆ. ಆ ರಕ್ತ ಬಸಿಯುವ ಕೆಲಸಕ್ಕೆ ರೇಟಿನಲ್ಲಿ ಬೋನಸ್ ಸಿಗುತ್ತದಂತೆ. ನಮ್ಮಲ್ಲಿ ಅಂಜಲನ್ನು ಹೀಗೆ ನೋಡಿಕೊಂಡರೆ ಎಕ್ಸ್‌ಪೋರ್ಟಿನವರು ಎಷ್ಟು ಕೊಟ್ಟಾರು, ನೀನೇ ಲೆಕ್ಕ ಹಾಕು.

ಆದರೆ ನಾನು ಹೇಳಲು ಹೊರಟದ್ದು ಇದನ್ನಲ್ಲ. ಮೀನು ತುಂಬಿದ ಅಳಿವೆ ಎದುರಿಗೇ ಉಂಟು, ಬಲೆ ಕೈಯಲ್ಲಿ ಉಂಟು, ಆದರೂ ಜನ ದೋಣಿಯಲ್ಲಿ ಸುಮ್ಮನೆ ಕೂತು ರೇಡಿಯೋ ಕೇಳುತ್ತಿದ್ದರು. ಇಂಥ ನದಿಯ ಬಾಯಲ್ಲಿ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಬಲೆ ಬಿಡಬಹುದು ಎಂದು ರಾಜ್ಯದ ಮೀನುಗಾರಿಕೆ ಇಲಾಖೆ ಅದರಲ್ಲಿ ಹೇಳಬೇಕು. ಹೇಳುವವರೆಗೆ ಬಲೆ ನೀರಿಗಿಲ್ಲ.

ಇಲಾಖೆಗೆ ಹೇಗೆ ಗೊತ್ತಾಗುತ್ತದೆ? ನದಿಯ ಮೇಲ್ಭಾಗಕ್ಕೆ ಬೋಟಿನಲ್ಲಿ ಹೋದಾಗ ನೋಡಿದೆ. ಎರಡೂ ದಡಗಳಲ್ಲಿ ಪೈಪು ಕಟ್ಟಿದ ಒಂದೊಂದು ಅಟ್ಟಣೆ. ಅದರ ಮೇಲೆ ತಂಪು ಕನ್ನಡಕ ಹಾಕಿದ ಒಬ್ಬ ಹುಡುಗ, ಕೈಯಲ್ಲಿ ಬಸ್ ಚೆಕಿಂಗಿನವರ ಹತ್ತಿರ ಇರುವಂಥ ಒತ್ತುವ ಕೌಂಟರ್. ಸಾಕೈ ನದಿಯ ನಡುವಿನ ಸೆಳೆತ ಬಿಟ್ಟು ದಡದ ಅಂಚು ಹಿಡಿದೇ ಮೇಲೇರುತ್ತದೆ. ನೀರು ತಿಳಿ, ತಳ ಕಾಣುತ್ತದೆ. ಗಂಟೆಗೆ ಹತ್ತು ನಿಮಿಷ ಈ ದಡ, ಹತ್ತು ನಿಮಿಷ ಆ ದಡ, ರಾತ್ರಿಯೂ ಬಿಡದೆ. ಬಂದದ್ದನ್ನು ಆರರಿಂದ ಗುಣಿಸಿದರೆ ಆ ಗಂಟೆಯ ಲೆಕ್ಕ. 1950ರ ದಶಕದಿಂದ ಹೀಗೇ ನಡೆದಿದೆ. ಕೆಸರು ನೀರಿನ ನುಶಗ್ಯಾಕ್ ನದಿಯಲ್ಲಿ ಮಾತ್ರ ಶಬ್ದದ ಅಲೆಯಿಂದ ಮೀನು ಎಣಿಸುವ ಸೋನಾರ್ ಇಟ್ಟಿದ್ದಾರೆ. ಪ್ರತಿ ನದಿಗೂ ಇಷ್ಟು ಮೀನು ಮೊಟ್ಟೆಯಿಡಲು ಮೇಲೆ ಹೋಗಲೇಬೇಕು ಎಂಬ ಗುರಿ ಉಂಟು. ಪಕ್ಕದ ಕ್ವಿಜಾಕ್ ನದಿಗೆ 20 ಲಕ್ಷದಿಂದ 1 ಕೋಟಿ. ಆ ಲೆಕ್ಕ ಕುಂಟಿದರೆ ಕೆಳಗೆ ಅಳಿವೆಯಲ್ಲಿ ಸಾಲ ಮಾಡಿ ಬೋಟು ಇಳಿಸಿದವನೂ ಕೂತಿರಬೇಕು. ಹದಿಹರೆಯ ದಾಟಿದ್ದಾನೋ ಇಲ್ಲವೋ ಎಂಬ ಹುಡುಗನ ಬೆರಳ ತುದಿಯಲ್ಲಿ ಕೋಟಿಗಟ್ಟಲೆ ಡಾಲರಿನ ವ್ಯವಹಾರ ನಿಂತಿದೆ ಎಂದರೆ ನಂಬುತ್ತೀಯಾ?

2022ರಲ್ಲಿ ಬ್ರಿಸ್ಟಲ್ ಬೇಗೆ ಸುಮಾರು 7.9 ಕೋಟಿ ಸಾಕೈ ಬಂದವು. ಅದುವರೆಗಿನ ದಾಖಲೆ. ಹಿಡಿದದ್ದು ಸುಮಾರು 6 ಕೋಟಿ.

ಮೇಲೆ ಬಿಟ್ಟ ಮೀನು ಎಲ್ಲಿಗೆ ಹೋಗುತ್ತದೆ ಎಂದರೆ, ನೀನು ಬೈದೆಯಲ್ಲ, ಆ ಕರಡಿ ಫೋಟೋದ ಒಳಗೆ. ನ್ಯಾಕ್‌ನೆಕ್ ನದಿ ಹತ್ತಿದರೆ ನ್ಯಾಕ್‌ನೆಕ್ ಸರೋವರ, ಅದಕ್ಕೆ ಬಂದು ಸೇರುವ ಸಣ್ಣ ಹೊಳೆ ಬ್ರೂಕ್ಸ್, ಆ ಹೊಳೆಗೆ ಆಳೆತ್ತರದ ಒಂದು ಜಲಪಾತ. ಕಟ್‌ಮೈ ರಾಷ್ಟ್ರೀಯ ಉದ್ಯಾನ ಅದು. 1912ರಲ್ಲಿ ನೊವಾರಪ್ಟ ಎಂಬ ಜ್ವಾಲಾಮುಖಿ ಸಿಡಿದು ಕಣಿವೆಯೇ ಬೂದಿಯಲ್ಲಿ ಹೂತುಹೋದ ಮೇಲೆ, 1918ರಲ್ಲಿ ಆ ಜಾಗವನ್ನು ಕಾಯಲು ಶುರು ಮಾಡಿದರು. ಕರಡಿಯ ಹೆಸರು ಬಂದದ್ದು ಆಮೇಲೆ. ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಹೋಗಬೇಕು. ಹತ್ತುವ ಮೊದಲು ಬ್ಯಾಗಿನದ್ದು ಮಾತ್ರವಲ್ಲ, ನಿನ್ನ ತೂಕವನ್ನೂ ಕೇಳುತ್ತಾರೆ, ಸುಳ್ಳು ಹೇಳುವ ಹಾಗಿಲ್ಲ. ಇಳಿದ ಕೂಡಲೇ ಎಲ್ಲರನ್ನೂ ಕೂರಿಸಿ ಪಾಠ: ಕರಡಿ ಎದುರಾದರೆ ಓಡಬೇಡಿ, ಮಾತಾಡುತ್ತಾ ದಾರಿ ಬಿಡಿ, 50 ಗಜ ದೂರ ಇರಿ. ಊಟದ ವಾಸನೆ ಇರುವುದೇನಿದ್ದರೂ ಬೀಗದ ಕೋಣೆಗೆ. ನನ್ನ ಬ್ಯಾಗಿನಲ್ಲಿದ್ದ ಕೋಡುಬಳೆ ಪ್ಯಾಕೆಟ್ಟನ್ನು ರೇಂಜರಮ್ಮ ಮೂಸಿ ನೋಡಿ, ಇದೇನೆಂದು ಕೇಳಿ, ಅದನ್ನೂ ಒಳಗಿಡಿಸಿದರು. ಇಂಗಿನ ಕೋಡುಬಳೆ ತಿಂದ ಕರಡಿ ಮತ್ತೆ ಸಾಲ್ಮನ್ ಮೂಸುತ್ತಿತ್ತೇ ಎಂಬುದು ನನ್ನ ಸಂಶಯ.

ಜಲಪಾತದ ಎದುರು ಮರದ ಅಟ್ಟ ಕಟ್ಟಿದ್ದಾರೆ. ಅಲ್ಲಿ ನಿಂತರೆ ಮೊದಲ ಮಳೆಗೆ ನಮ್ಮ ಘಟ್ಟದ ಬುಡದ ತೋಡುಗಳಲ್ಲಿ ಹತ್ತುಮೀನು ಏರುವುದು ನೆನಪಾಗುತ್ತದೆ. ಆದರೆ ಇಲ್ಲಿ ಕೆಳಗೆ ಬುಟ್ಟಿ ಹಿಡಿದು ನಿಂತಿರುವುದು ಮೂರು ನಾಲ್ಕು ಕ್ವಿಂಟಲ್ ತೂಗುವ ಆಸಾಮಿಗಳು ಅಂದುಕೋ, ಅದೂ ಚಳಿಗಾಲದ ಹೊತ್ತಿಗಲ್ಲ, ಜುಲೈಯಲ್ಲೇ. ದೊಡ್ಡ ಗಂಡು ನೀರು ಬೀಳುವ ಬುಡದಲ್ಲಿ ಜಾಗ ಹಿಡಿದು ಕೂರುತ್ತದೆ, ಚಿಕ್ಕವು ದೂರ ಕಾಯುತ್ತವೆ. ಮೀನು ಕಡಿಮೆ ಇದ್ದರೆ ಬಾಲದವರೆಗೆ ತಿನ್ನುತ್ತವಂತೆ. ನಾನು ಹೋದಾಗ ಮೀನು ದಂಡಿಯಾಗಿತ್ತು. ಒಂದು ಕರಡಿ ಮುಂಗಾಲಿನಿಂದ ಮೀನನ್ನು ಬಂಡೆಗೆ ಒತ್ತಿ, ಚರ್ಮವನ್ನು ಹಲ್ಲಿನಿಂದ ಸುಲಿದು ನುಂಗಿತು, ಆಮೇಲೆ ತಲೆ, ಆಮೇಲೆ ಮೊಟ್ಟೆ. ಕೊಬ್ಬಿರುವುದನ್ನಷ್ಟೇ ಆರಿಸಿ ಉಳಿದ ಕೆಂಪು ಮಾಂಸವನ್ನು ಹಾಗೇ ನೀರಿಗೆ ಬಿಟ್ಟಿತು. ಸಿಯಾಟಲ್ ಅಂಗಡಿಯಲ್ಲಿ ಪೌಂಡಿಗೆ ಹತ್ತು ಡಾಲರಿಗೂ ಮೇಲೆ ಕೊಟ್ಟು ನಾನು ತರುವುದು ಅದನ್ನೇ! ಕಡಲಕ್ಕಿಗಳು ಕಚ್ಚಾಡಿಕೊಂಡು ಒಯ್ದವು.

ಏರಿದ ಸಾಕೈ ಒಂದೂ ಸಮುದ್ರಕ್ಕೆ ವಾಪಸಾಗುವುದಿಲ್ಲ. ಮೈ ಕೆಂಪಾಗಿ, ತಲೆ ಹಸಿರಾಗಿ, ಗಂಡಿಗೆ ಗೂನು ಬಂದು, ಕಲ್ಲಿನ ತಳದಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಸತ್ತ ಮೀನಿನ ಸಾರ ನೀರಿಗೂ ದಡದ ಮರಗಳಿಗೂ ಹೋಗುತ್ತದೆ, ಮರಿಗಳು ಒಂದೆರಡು ವರ್ಷ ಅದೇ ಸರೋವರದಲ್ಲಿ ಬೆಳೆದು ಕಡಲಿಗಿಳಿದು ಎರಡು ಮೂರು ವರ್ಷ ಬಿಟ್ಟು ಹುಟ್ಟಿದ ನದಿಗೇ ಬರುತ್ತವೆ. ಆ ನದಿಗಳ ತಲೆಯಲ್ಲಿ ತಾಮ್ರ, ಚಿನ್ನದ ಪೆಬಲ್ ಗಣಿ ತೆರೆಯುವ ಯೋಜನೆ ಇತ್ತು. ಮೀನುಗಾರರೂ ಯೂಪಿಕ್, ಡೆನಾಯಿನಾ ಬುಡಕಟ್ಟಿನವರೂ ವರ್ಷಗಟ್ಟಲೆ ಹೋರಾಡಿ, 2023ರ ಜನವರಿಯಲ್ಲಿ ಕೇಂದ್ರದ ಪರಿಸರ ಸಂಸ್ಥೆ ಅದಕ್ಕೆ ತಡೆ ಹಾಕಿತು.

ಈಗ ನಿನ್ನ ಪ್ರಶ್ನೆ. ಇವರೇನು ಹುಟ್ಟಾ ಬುದ್ಧಿವಂತರಲ್ಲ. 1973ರಲ್ಲಿ ಇದೇ ಬ್ರಿಸ್ಟಲ್ ಬೇಯಲ್ಲಿ ಸಿಕ್ಕಿದ ಸಾಕೈ 10 ಲಕ್ಷಕ್ಕೂ ಕಡಿಮೆ. ಕೆಟ್ಟ ಚಳಿಗಾಲಗಳೂ, ನಡುಕಡಲಲ್ಲೇ ಜಪಾನಿನ ಹಡಗುಗಳು ಬಾಚಿಕೊಂಡದ್ದೂ ಕಾರಣವಾಗಿದ್ದವು. ಆ ಪೆಟ್ಟು ಬಿದ್ದ ಕಾಲಕ್ಕೇ ಪರ್ಮಿಟ್‌ಗಳಿಗೆ ಮಿತಿ ಬಂತು. ಬಲೆ ಬಿಡುತ್ತಾ ತೇಲುವ ಬೋಟುಗಳಿಗೆ ಈಗ ಇರುವುದು ಸುಮಾರು 1,800 ಪರ್ಮಿಟ್. ಬೋಟಿನ ಉದ್ದ 32 ಅಡಿ ಮೀರುವಂತಿಲ್ಲ. 1951ರವರೆಗೆ ಎಂಜಿನ್ ಹಾಕುವುದಕ್ಕೂ ಬಿಟ್ಟಿರಲಿಲ್ಲ, ಹಾಯಿಯಲ್ಲೇ ಹಿಡಿಯಬೇಕಿತ್ತು. 1959ರಲ್ಲಿ ರಾಜ್ಯವಾದಾಗ ಕಂಪನಿಗಳ ದೊಡ್ಡ ಮೀನು ಬೋನುಗಳನ್ನು ತೆಗೆಸಿದರು. ಮೀನು ಉಳಿಯುವಷ್ಟು ಬಿಟ್ಟೇ ಹಿಡಿಯಬೇಕೆಂದು ಅವರ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಸಾಲ್ಮನ್ ಸಾಕಣೆಯನ್ನು 1990ರಲ್ಲಿ ನಿಷೇಧಿಸಿದರು.

ಇದನ್ನೆಲ್ಲ ಓದಿ "ನಮ್ಮಲ್ಲೂ ಮಾಡಬಹುದಲ್ಲ" ಅಂತ ಸಂಘದ ಮೀಟಿಂಗಿನಲ್ಲಿ ಎದ್ದು ನಿಲ್ಲಬೇಡ. ಸಾಲ್ಮನ್ ತಾನಾಗಿ ಒಂದು ಅಳಿವೆಯ ಬಾಯಿಗೆ ಬಂದು ಎಣಿಸಿಕೊಳ್ಳುತ್ತದೆ. ಬಂಗುಡೆಗೆ, ಬೂತಾಯಿಗೆ ಊರೂ ಇಲ್ಲ, ಬಾಗಿಲೂ ಇಲ್ಲ. ಗೋವಾದ್ದು ನಮ್ಮದು, ನಮ್ಮದು ಕೇರಳದ್ದು. ಅಟ್ಟಣೆ ಎಲ್ಲಿ ಕಟ್ಟುತ್ತೀಯ? ಆದರೆ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ನಮ್ಮ ನಿಷೇಧ ಕ್ಯಾಲೆಂಡರ್ ನೋಡಿ ಶುರುವಾಗಿ ಕ್ಯಾಲೆಂಡರ್ ನೋಡಿ ಮುಗಿಯುತ್ತದೆ. ಆಗಸ್ಟ್ ಒಂದಕ್ಕೆ ಹೊರಟ ಬೋಟಿನ ಬಲೆಯಲ್ಲಿ ಬೆರಳುದ್ದದ ಮರಿಯೇ ತುಂಬಿ ಬಂದರೂ, ನಾಳೆ ಹೋಗಬೇಡಿ ಎಂದು ಹೇಳುವ ರೇಡಿಯೋ ನಮ್ಮಲ್ಲಿಲ್ಲ. ಮರಿಯೆಲ್ಲ ಫಿಶ್‌ಮೀಲ್ ಲಾರಿಗೆ. ಇಲ್ಲಿ ಎಣಿಸುವವನಿಗೆ ನಿಲ್ಲಿಸುವ ಅಧಿಕಾರವೂ ಉಂಟು, ಅದನ್ನು ಎಲ್ಲರೂ ಬೈಯುತ್ತಲೇ ಒಪ್ಪುತ್ತಾರೆ. ಬೈಗುಳ ನಾನು ಕಿವಿಯಾರೆ ಕೇಳಿದ್ದೇನೆ.

ಎಲ್ಲ ಚೆನ್ನಾಗಿದೆ ಎಂದೂ ತಿಳಿಯಬೇಡ. ಪರ್ಮಿಟ್ ಮಾರಬಹುದಾದ್ದರಿಂದ ಊರ ಬಡವರ ಕೈಯಿಂದ ಅದು ಹೊರಗಿನವರ ಪಾಲಾಗುತ್ತಾ ಬಂದಿದೆ. 2023ರಲ್ಲಿ ಮೀನುಗಾರನಿಗೆ ಸಿಕ್ಕಿದ ಮೂಲ ದರ ಪೌಂಡಿಗೆ ಅರ್ಧ ಡಾಲರ್. ಮೀನು ಉಳಿದರೂ ಮೀನುಗಾರ ಉಳಿಯುತ್ತಾನೆ ಎಂಬ ಗ್ಯಾರಂಟಿ ಇಲ್ಲ. ಇನ್ನು ಉತ್ತರದ ಯೂಕಾನ್ ನದಿಯಲ್ಲಿ ಎಷ್ಟು ಎಣಿಸಿದರೂ ಕಿಂಗ್ ಸಾಲ್ಮನ್ (ಇಲ್ಲಿ ಊರಲ್ಲ, ಮೀನಿನ ಜಾತಿ) ಕುಸಿಯಿತು. 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಸೇರಿ ಏಳು ವರ್ಷ ಅದನ್ನು ಹಿಡಿಯುವುದೇ ಬೇಡ ಎಂದು ತೀರ್ಮಾನಿಸಿದವು. ನದಿ ದಡದ ಹಳ್ಳಿಯವರ ಒಣಮೀನಿನ ಅಟ್ಟಗಳು ಖಾಲಿ. ಬೇರಿಂಗ್ ಸಮುದ್ರದ ಸ್ನೋ ಏಡಿ ನೀರು ಬಿಸಿಯಾಗಿ ನೂರಾರು ಕೋಟಿ ಲೆಕ್ಕದಲ್ಲಿ ಸತ್ತು, 2022ರಲ್ಲಿ ಸೀಸನ್ನನ್ನೇ ರದ್ದು ಮಾಡಿದರು.

ತಿನ್ನುವ ಸುದ್ದಿ ಹೇಳದಿದ್ದರೆ ನಿನ್ನಮ್ಮ ಬೈಯುತ್ತಾರೆ. ನ್ಯಾಕ್‌ನೆಕ್‌ನಲ್ಲಿ ಒಬ್ಬರು ಯೂಪಿಕ್ ಅಜ್ಜಿ, ಅರ್ಧಚಂದ್ರದಂಥ ಉಲು ಕತ್ತಿಯಲ್ಲಿ ಮೀನು ಸೀಳುವುದನ್ನು ನೋಡಿದೆ. ಎರಡು ಎಳೆತಕ್ಕೆ ಎರಡು ಭಾಗ, ಬಾಲ ಮಾತ್ರ ಕೂಡಿಕೊಂಡಿರುತ್ತದೆ, ಗಳುವಿಗೆ ನೇತುಹಾಕಲು. ಮಾಂಸಕ್ಕೆ ಅಡ್ಡ ಗೀರು ಹಾಕಿ ಉಪ್ಪುನೀರಲ್ಲಿ ಅದ್ದಿ, ಗಾಳಿಗೆ ಆರಿಸಿ, ಆಲ್ಡರ್ ಸೌದೆಯ ಹೊಗೆಯಲ್ಲಿ ದಿನಗಟ್ಟಲೆ ಬಿಡುತ್ತಾರೆ. ಬೆನ್ನೆಲುಬನ್ನೂ ಎಸೆಯುವುದಿಲ್ಲ. ಒಂದು ತುಂಡು ಕೊಟ್ಟರು. ಕುಚ್ಚಲಕ್ಕಿ ಗಂಜಿ ಜೊತೆಗಿದ್ದರೆ ಇನ್ನೇನೂ ಬೇಡ. ಹಸಿ ಸಾಕೈಯಲ್ಲಿ ನಾನು ಮನೆಗೆ ಬಂದು ಬ್ಯಾಡಗಿ ಮೆಣಸು, ಹುಣಸೆ ಅರೆದು ಸಾರು ಮಾಡಿದೆ. ಮೀನಿನ ಎಣ್ಣೆಯಂಶಕ್ಕೂ ತೆಂಗಿನಕಾಯಿಗೂ ಹೊಂದಲಿಲ್ಲ, ಎರಡೂ ಜಗಳಕ್ಕೆ ನಿಂತವು. ಬರೀ ಮೆಣಸಿನ ಪುಡಿ, ಅರಿಶಿನ, ಲಿಂಬೆ ಹಚ್ಚಿ ಕಾವಲಿಯಲ್ಲಿ ಚರ್ಮ ಕೆಳಗೆ ಮಾಡಿ ಹುರಿದರೆ ಮಾತ್ರ ಏ ಒನ್. ಕಾಣೆ ಫ್ರೈಗೆ ಸಮ ಅಂತ ನಾನು ಹೇಳುವುದಿಲ್ಲ.

ಡಿಸೆಂಬರಿನಲ್ಲಿ ಬರುವಾಗ ಹೊಗೆ ಹಾಕಿದ ಸಾಲ್ಮನ್ ಡಬ್ಬಿ ತರುತ್ತೇನೆ. ಅಷ್ಟರೊಳಗೆ ನನಗೊಂದು ಕೆಲಸ ಮಾಡಿಡು. ಊರವರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲದಲ್ಲಿ ಇವತ್ತು ಬಲೆ ಬಿಡುವುದೋ ಬೇಡವೋ ಎಂದು ಯಾರು ತೀರ್ಮಾನ ಮಾಡುತ್ತಿದ್ದರು, ಬೇಡ ಎಂದರೆ ಉಳಿದವರು ಕೇಳುತ್ತಿದ್ದರೇ ಎಂದು ನಿನ್ನ ಅಪ್ಪಯ್ಯನ ಹತ್ತಿರ ಕೇಳು. ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು, ನೀನು ಸುಧಾರಿಸಿ ಹೇಳುವುದು ಬೇಡ.

ಇತಿ ನಿನ್ನ,
ಗಣೇಶ