ಮಿಷನರಿಗಳ ಅಂತರಂಗವೂ ದಾಖಲಾಗಲಿ

ಕ್ರೈಸ್ತ ಮಿಷನರಿಗಳ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಅವರು ಕಟ್ಟಿದ ಶಾಲೆ, ಆಸ್ಪತ್ರೆಗಳ ವಿವರಕ್ಕೇ ಮುಗಿದುಹೋಗಿ, ಅವರ ಪ್ರಾರ್ಥನಾ ಜೀವನ ಮತ್ತು ಒಳಗಿನ ತೊಳಲಾಟ ಕಡೆಗಣನೆಗೆ ಒಳಗಾಗಿರುವುದು ವಿಷಾದದ ಸಂಗತಿ. ಅಮೆರಿಕದ ಮೂಲನಿವಾಸಿಗಳ ನಡುವೆ ದುಡಿದು, 1747ರಲ್ಲಿ ಕೇವಲ 29ನೇ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡ ಡೇವಿಡ್ ಬ್ರೈನರ್ಡ್ ಅವರ ದಿನಚರಿಯನ್ನು ಓದಿದವರಿಗೆ ಈ ಕೊರತೆ ಎಷ್ಟು ದೊಡ್ಡದೆಂಬುದು ಅರಿವಾಗುತ್ತದೆ. ಕೆಮ್ಮಿದರೆ ರಕ್ತ ಬೀಳುತ್ತಿದ್ದ ದೇಹ ಹೊತ್ತು ಕಾಡಿನ ಏಕಾಂತದಲ್ಲಿ ಉಪವಾಸವಿದ್ದು ಪ್ರಾರ್ಥಿಸಿದ್ದನ್ನೂ, ಮತ್ತೆ ಕೆಲವೇ ದಿನಗಳಲ್ಲಿ ದೇವರು ದೂರವಾದನೆಂದು ಕುಗ್ಗಿ ತಮ್ಮನ್ನೇ ನಿಂದಿಸಿಕೊಂಡದ್ದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ದಶಕಗಳ ಕಾಲ ದೇವರ ಸಾನ್ನಿಧ್ಯ ಅನುಭವಕ್ಕೆ ಬಾರದಿದ್ದರೂ ಸೇವೆ ಬಿಡದ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದವು. ತಮ್ಮ ಮನಸ್ಸಿನ ಚಂಚಲತೆಯನ್ನು ತಾವೇ ಬಯಲಿಗೆಳೆದ ಬಸವಣ್ಣನವರ ವಚನಗಳನ್ನು ಕೇಳುತ್ತಲೇ ಬೆಳೆದ ಬೀದರ್ ಜಿಲ್ಲೆಯ ನಮಗೆ ಇಂಥ ಬರಹ, ಧರ್ಮ ಯಾವುದೇ ಇರಲಿ, ಪರಕೀಯ ಎನಿಸಲಾರದು.

ಆದ್ದರಿಂದ ಪತ್ರಿಕೆಯು ಭಾನುವಾರದ ಪುರವಣಿಯಲ್ಲಿ ಇಂಥ ದಿನಚರಿ ಮತ್ತು ಪತ್ರಗಳ ಆಯ್ದ ಭಾಗಗಳನ್ನು ಕನ್ನಡಕ್ಕೆ ತಂದು ಪ್ರಕಟಿಸಬೇಕು. ಈ ಭಾಗದ ಹಳೆಯ ಚರ್ಚುಗಳೂ ತಮ್ಮ ಕಪಾಟುಗಳಲ್ಲಿ ಅಂಥ ಕಾಗದಪತ್ರಗಳಿದ್ದರೆ ಗೆದ್ದಲು ಹಿಡಿಯುವ ಮುನ್ನ ಅವನ್ನು ಹೊರತರಲಿ.

– ಓದುಗ, ಬೀದರ್