ಹೊಡೆದು ಹಾಕಿದ ಸಾಲು: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ಶಿಕ್ಷಕರಾಗಲು ಬರುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅವರ ಅರ್ಜಿಗಳನ್ನೂ ನಾನೇ ಓದುತ್ತೇನೆ. 'ಈ ವೃತ್ತಿ ಯಾಕೆ?' ಎಂಬ ಪ್ರಶ್ನೆಗೆ ಹೆಚ್ಚಿನವರದು ಒಂದೇ ಉತ್ತರ: ಮಕ್ಕಳೆಂದರೆ ಇಷ್ಟ. ಒಮ್ಮೆ ಒಬ್ಬ ಹುಡುಗ ಏನೋ ಬರೆದು ಹೊಡೆದು ಹಾಕಿದ್ದ. ಕುತೂಹಲ ತಡೆಯದೆ ಹಾಳೆಯನ್ನು ಬೆಳಕಿಗೆ ಹಿಡಿದೆ. 'ಬೇರೆ ಕೋರ್ಸಿಗೆ ಸೀಟು ಸಿಗಲಿಲ್ಲ' ಅಂತಿತ್ತು. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ 'ಬೋಧನೆ ಪವಿತ್ರ ವೃತ್ತಿ'. ನಗು ಬಂತು, ಬೈಯೋಕೆ ಮನಸ್ಸು ಬರಲಿಲ್ಲ.

ಮಕ್ಕಳ ಮೇಲಿನ ಪ್ರೀತಿಗೆ ಯಾವ ದೇಶದಲ್ಲೂ ಬರ ಇಲ್ಲ. 48 ದೇಶ, ಪ್ರದೇಶಗಳಲ್ಲಿ 2018ರಲ್ಲಿ ನಡೆದ ಟಾಲಿಸ್ ಎಂಬ ಅಂತರರಾಷ್ಟ್ರೀಯ ಶಿಕ್ಷಕರ ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಶಿಕ್ಷಕರು ಮಕ್ಕಳ ಬೆಳವಣಿಗೆಯಲ್ಲಿ ಪಾಲು ಸಿಗುತ್ತದೆಂದೇ ಬಂದೆವು ಎಂದರು. ಆಸ್ಟ್ರೇಲಿಯಾದ ಸಂಶೋಧಕರಾದ ಹೆಲೆನ್ ವಾಟ್, ಪಾಲ್ ರಿಚರ್ಡ್‌ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕ್ಷಕ ತರಬೇತಿಗೆ ಸೇರಿದವರು ತಮ್ಮ ಕಾರಣಗಳಿಗೆ ಅಂಕ ಕೊಟ್ಟಾಗ 'ಬೇರೆ ದಾರಿ ಇರಲಿಲ್ಲ' ಅನ್ನೋ ಕಾರಣಕ್ಕೆ ಬಿದ್ದ ಅಂಕ ಎಲ್ಲಕ್ಕಿಂತ ಕಡಿಮೆ. ಆದರೆ ಇವರೆಲ್ಲ ಈಗಾಗಲೇ ಒಳಗೆ ಬಂದವರು, ಅಲ್ವಾ? ಬಾಗಿಲ ತನಕ ಬಂದು ಹಿಂದಿರುಗಿದವರನ್ನು ಕೇಳಿದವರು ಕಡಿಮೆ.

ವ್ಯತ್ಯಾಸ ಇರುವುದು ಸರ್ಕಾರ ಏನು ಕೊಡುತ್ತದೆ ಎಂಬುದರಲ್ಲಿ. ಸಿಂಗಪುರದಲ್ಲಿ ತರಬೇತಿ ಕಾಲದಲ್ಲೇ ಸಂಬಳ ಇದೆ. ಬದಲಿಗೆ ಕೆಲವು ವರ್ಷ ಸೇವೆ ಮಾಡಬೇಕು. ಜರ್ಮನಿಯಲ್ಲಿ ಬಹಳಷ್ಟು ಶಿಕ್ಷಕರಿಗೆ ಸರ್ಕಾರಿ ಅಧಿಕಾರಿಗಿರುವಂಥ ಉದ್ಯೋಗ ಭದ್ರತೆ ಇದೆ. ಫಿನ್ಲೆಂಡಿನಲ್ಲಿ ಸಂಬಳ ಅಂಥ ಜಾಸ್ತಿ ಏನಲ್ಲ. ಆದರೆ ಪ್ರಾಥಮಿಕ ಶಾಲೆಗೂ ಸ್ನಾತಕೋತ್ತರ ಪದವಿ ಬೇಕು, ಸೀಟಿಗೆ ಪೈಪೋಟಿ ಇದೆ, ತರಗತಿಯಲ್ಲಿ ಶಿಕ್ಷಕರ ಮಾತೇ ನಡೆಯುತ್ತದೆ. ಹಣವೊಂದೇ ಸಾಲದು ಅನ್ನೋದಕ್ಕೆ ಇಂಗ್ಲೆಂಡ್ ಸಾಕ್ಷಿ. ಭೌತಶಾಸ್ತ್ರ ಕಲಿಸಲು ಬರುವವರಿಗೆ ಅಲ್ಲಿ ದೊಡ್ಡ ಮೊತ್ತದ ವಿದ್ಯಾರ್ಥಿವೇತನ ಇದ್ದರೂ ವರ್ಷಗಟ್ಟಲೆ ಗುರಿ ಮುಟ್ಟುವಷ್ಟು ಜನ ಸಿಗಲಿಲ್ಲ.

2030ರ ಹೊತ್ತಿಗೆ ಜಗತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು ಎನ್ನುತ್ತದೆ ಯುನೆಸ್ಕೊ. ನೀವು 'ಗುರುವೇ ದೇವರು' ಎಂಬ ಜಾಹೀರಾತು ಹಾಕಿಸುತ್ತೀರಿ. ಸುಮ್ನೆ ಖರ್ಚು. ಅದನ್ನು ನೋಡಿ ಯಾರೂ ಅರ್ಜಿ ಹಾಕಿದ್ದು ನಾನು ಕಂಡಿಲ್ಲ.

ಅಂದಹಾಗೆ, ಆ ಹುಡುಗ ಇವತ್ತಿಗೂ ಪಾಠ ಮಾಡುತ್ತಿದ್ದಾನೆ, ಚೆನ್ನಾಗಿಯೇ. ಅದೇ ಬ್ಯಾಚಿನಲ್ಲಿ ಮಕ್ಕಳೆಂದರೆ ಪ್ರಾಣ ಎಂದು ಬರೆದಿದ್ದ ಹುಡುಗಿ ಮೂರನೇ ವರ್ಷಕ್ಕೇ ಕೆಲಸ ಬಿಟ್ಟಳು. ಅರ್ಧ ದಿನ ಲೆಕ್ಕಪತ್ರ ತುಂಬೋದರಲ್ಲೇ ಹೋಗುತ್ತದೆ ಎಂದಳು.

ಮುಂದಿನ ವರ್ಷದ ಜಾಹೀರಾತಿನ ದುಡ್ಡನ್ನು ತರಬೇತಿ ಕಾಲದ ಭತ್ಯೆಗೆ ಕೊಡಿ. ಗಣಿತ, ವಿಜ್ಞಾನ ಓದಿಯೂ ಈ ಕಡೆ ಬಾರದವರನ್ನು, ಬಂದು ಬಿಟ್ಟು ಹೋದವರನ್ನು ಕೂರಿಸಿ ಕೇಳಿ. ಹೆಸರು ಬರೆಸಬೇಡಿ. ಆಗ ಯಾರೂ ಸಾಲು ಹೊಡೆದು ಹಾಕುವುದಿಲ್ಲ.

ಇಂತಿ,
ಒಬ್ಬ ಶಿಕ್ಷಕಿ